ನಿರೂಪಕಿ ಮಾತು ಮುಗಿಸುವಷ್ಟರಲ್ಲಿ

ನವೆಂಬರ್ 1ಕ್ಕೆ ಶುರುವಾಗುವ ರಾಜ್ಯೋತ್ಸವ ಬೆಂಗಳೂರಿನಲ್ಲಿ ಆ ತಿಂಗಳು ಕಳೆದರೂ ಮುಗಿಯುವುದಿಲ್ಲ. ಒಂದೊಂದು ಬಡಾವಣೆಯ ಸಂಘ ತನಗೆ ಅನುಕೂಲವಾದ ಶನಿವಾರ ಹಿಡಿದು, ಅಡ್ಡರಸ್ತೆಯ ಬಾಯಿಗೆ ಸ್ಟೇಜ್ ಹಾಕಿ, ಹಳದಿ ಕೆಂಪು ಬಾವುಟ ಕಟ್ಟಿ, ಸಂಜೆಗೆ ರಸಮಂಜರಿ ಇಟ್ಟುಕೊಳ್ಳುತ್ತದೆ. ಕೆಲವು ಕಡೆ ಅದೇ ಪೆಂಡಾಲಿನಲ್ಲಿ ಅಣ್ಣಮ್ಮ ದೇವಿಯನ್ನೂ ಕೂರಿಸಿರುತ್ತಾರೆ. ಒಂದೇ ಶಾಮಿಯಾನದ ಬಾಡಿಗೆಯಲ್ಲಿ ಭುವನೇಶ್ವರಿಯದೂ ಆಯಿತು, ಅಣ್ಣಮ್ಮನದೂ ಆಯಿತು. ಇಂಥ ಕಾರ್ಯಕ್ರಮಗಳಿಗೆ ಹೋಗುವ ಒಂದು ತಂಡದಲ್ಲಿ ನಾನು ಬೇಸ್ ಗಿಟಾರ್ ನುಡಿಸುತ್ತೇನೆ. ವಾರವಿಡೀ ಪೀಣ್ಯದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಕೆಲಸ.

ಸ್ಟೋರ್ಸ್‌ನಲ್ಲಿದ್ದವನಿಗೆ ಸ್ಪೇರ್ ಪಾರ್ಟ್ ಬಗ್ಗೆ ಒಂದು ಖಯಾಲಿ ಬಂದುಬಿಡುತ್ತದೆ. ಯಾವುದನ್ನು ರ್‍ಯಾಕಿನಲ್ಲಿ ಇಟ್ಟಿರಬೇಕು ಅನ್ನುವುದನ್ನು ಅದರ ಬೆಲೆ ನೋಡಿ ತೀರ್ಮಾನ ಮಾಡುವುದಿಲ್ಲ. ಅದು ಇಲ್ಲದೆ ಹೋದರೆ ಮೆಷೀನು ಎಷ್ಟು ಹೊತ್ತು ನಿಂತಿರುತ್ತದೆ ಅನ್ನುವುದನ್ನು ನೋಡುತ್ತೇವೆ. ರಸಮಂಜರಿಯಲ್ಲಿ ಆ ಹೊತ್ತಿನ ಅಳತೆ ನಮ್ಮ ನಿರೂಪಕಿ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಆಕೆ ಅಣ್ಣಾವ್ರ ಬಗ್ಗೆ ನಾಲ್ಕು ಮಾತಾಡಿ, ಒಂದು ಜೋಕು ಹೇಳಿ, ‘ಜೋರಾದ ಚಪ್ಪಾಳೆ ಬರಲಿ’ ಅನ್ನುವಷ್ಟರಲ್ಲಿ ಹಾಕಿಕೊಳ್ಳುವುದಕ್ಕಾದರೆ ಅದು ಸ್ಪೇರು. ಆಗದಿದ್ದರೆ ಬರೀ ಲಗೇಜು. ನನ್ನ ಬ್ಯಾಗಿನಲ್ಲಿ ಏನಿರಬೇಕು, ಏನಿರಬಾರದು ಅಂತ ತೀರ್ಮಾನಿಸುವುದು ಇದೊಂದೇ ಲೆಕ್ಕದಲ್ಲಿ. ಹೋದ ನವೆಂಬರಿನ ಒಂದು ಶನಿವಾರ ಲಗ್ಗೆರೆ ಕಡೆಯ ಕಾರ್ಯಕ್ರಮದಲ್ಲಿ ಈ ಲೆಕ್ಕ ಚೆನ್ನಾಗಿಯೇ ಪರೀಕ್ಷೆಗೆ ಬಿತ್ತು.

ಮಧ್ಯಾಹ್ನ ಮಳೆ ಬಂದು ನಿಂತಿತ್ತು. ತಂಡದ ಓಮ್ನಿಯಲ್ಲಿ ನಾವು ಹೋಗಿ ಇಳಿದಾಗ ಸ್ಟೇಜಿನ ಮೇಲೆ ಹಾಸಿದ್ದ ಕೆಂಪು ಮ್ಯಾಟು ಹಿಂಡಿದರೆ ನೀರು ಬರುವಂತಿತ್ತು. ಸೌಂಡಿನವರು ಬೇಸ್ ಬಾಕ್ಸುಗಳನ್ನು ಎರಡೂ ಕಡೆ ಜೋಡಿಸಿ ಟಾರ್ಪಾಲ್ ಹೊದಿಸುತ್ತಿದ್ದರು. ಜೆನ್‌ಸೆಟ್ ಸ್ಟೇಜಿನ ಹಿಂದೆ. ಅದರವರು ಮೋರಿ ಪಕ್ಕದ ಮಣ್ಣಿನಲ್ಲಿ ರಾಡ್ ಹೊಡೆದು ಅರ್ತ್ ಕೊಟ್ಟಿದ್ದು ಕಣ್ಣಿಗೆ ಬಿತ್ತು, ಮನಸ್ಸಿಗೆ ಸಮಾಧಾನವಾಯಿತು. ಆದರೆ ಮಿಕ್ಸರ್ರು, ಲೈಟು, ದೊಡ್ಡ ಬಾಕ್ಸುಗಳು ಮಾತ್ರ ಜೆನ್‌ಸೆಟ್ ಮೇಲೆ. ಸ್ಟೇಜಿನ ಮೇಲಿನ ವಾದ್ಯಗಳಿಗೆ ಎದುರು ಮನೆಯಿಂದ ಒಂದು ವೈರ್ ಎಳೆದಿದ್ದರು. ಅದರ ತುದಿಯ ಎಕ್ಸ್‌ಟೆನ್ಷನ್ ಬೋರ್ಡು ಎತ್ತಿ ನೋಡಿದೆ. ಎರಡೇ ಎಳೆಯ ವೈರು. ಇನ್ನೊಂದು ತುದಿಗೆ ಪ್ಲಗ್ಗೂ ಇಲ್ಲ, ಆ ಮನೆಯ ಸಾಕೆಟ್ಟಿಗೆ ವೈರನ್ನು ಬೆಂಕಿಕಡ್ಡಿ ಸಿಕ್ಕಿಸಿ ನಿಲ್ಲಿಸಿದ್ದರು. ಮಳೆಗಾಲದಲ್ಲಿ ಈ ಬೆಂಕಿಕಡ್ಡಿ ವಿದ್ಯೆ ನೋಡಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ನನ್ನ ಸೆಟ್ ದೊಡ್ಡದೇನಲ್ಲ. ಗಿಟಾರಿನಿಂದ ಟ್ಯೂನರ್ ಪೆಡಲ್, ಅಲ್ಲಿಂದ ಡಿಐ ಬಾಕ್ಸು, ಅಂದರೆ ಗಿಟಾರಿನ ಸಿಗ್ನಲನ್ನು ಮಿಕ್ಸರಿಗೆ ಹೊಂದುವಂತೆ ಮಾಡಿ ಕಳಿಸುವ ಸಣ್ಣ ಪೆಟ್ಟಿಗೆ. ಡಿಐನಿಂದ ಒಂದು ದಾರಿ ಮಿಕ್ಸರಿಗೆ, ಇನ್ನೊಂದು ನನ್ನ ಕಾಲ ಬಳಿ ಇಟ್ಟುಕೊಳ್ಳುವ ಸಣ್ಣ ಆಂಪ್ಲಿಫೈಯರಿಗೆ, ಅಂದರೆ ಆಂಪಿಗೆ. ಜನಕ್ಕೆ ಕೇಳುವುದು ಮಿಕ್ಸರಿನಿಂದ ಹೋದದ್ದು. ಆಂಪು ನನ್ನ ಕಿವಿಗೆ ಮಾತ್ರ. ಪಬ್ಬಿನಲ್ಲಿ ನುಡಿಸುವ ಸ್ನೇಹಿತರು ದೊಡ್ಡ ಕ್ಯಾಬಿನೆಟ್ ಇಲ್ಲದೆ ಆಗುವುದೇ ಇಲ್ಲ ಅನ್ನುತ್ತಾರೆ. ಬೀದಿ ಸ್ಟೇಜಿನಲ್ಲಿ ಅದನ್ನು ಹೊತ್ತು ತರುವ ಬದಲು ಒಂದು ಒಳ್ಳೆಯ ಡಿಐ ತಂದರೆ ಸಾಕು ಅಂತ ನನ್ನ ಅಭಿಪ್ರಾಯ. ಸೌಂಡಿನವರ ಹತ್ತಿರ ಡಿಐ ಇರುತ್ತದೆ ಅಂತ ನಂಬಿಕೊಂಡು ಮಾತ್ರ ಹೋಗಬಾರದು. ಇದ್ದರೂ ಅದನ್ನು ಕೀಬೋರ್ಡಿಗೆ ಕೊಟ್ಟುಬಿಟ್ಟಿರುತ್ತಾರೆ.

ಎಲ್ಲ ಸಿಕ್ಕಿಸಿ ವಾಲ್ಯೂಮ್ ಏರಿಸಿದ ತಕ್ಷಣ ‘ಗುಂ...’ ಅಂತ ಶುರುವಾಯಿತು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಅದುರುತ್ತದೆ. ಬೇಸಿನ ದಪ್ಪ ತಂತಿ, ಅಂದರೆ ಇ, ಖಾಲಿ ನುಡಿಸಿದರೆ ಅದು ಸೆಕೆಂಡಿಗೆ 41 ಚಿಲ್ಲರೆ ಸಲ. ಅದೇ ತಂತಿಯ ಮೂರನೇ ಫ್ರೆಟ್ಟಿನಲ್ಲಿ ಸಿಗುವ ಜಿ ಸುಮಾರು 49. ಹಾಗಾಗಿ ಈ ಗುಂಯ್‌ಗುಡುವಿಕೆ ಗಾಯಕಿಗೆ ಬರೀ ಕಿರಿಕಿರಿ, ನನಗೆ ಮಾತ್ರ ಪಕ್ಕದಲ್ಲೇ ನಿಂತು ಶ್ರುತಿ ತಪ್ಪಿ ಹಾಡುವ ಇನ್ನೊಬ್ಬ ಬೇಸಿಸ್ಟ್ ಇದ್ದಂತೆ. ಜಿ ಒತ್ತಿ ಹಿಡಿದರೆ ಎರಡೂ ಸೇರಿ ಸೆಕೆಂಡಿಗೊಂದರಂತೆ ‘ವೌಂ ವೌಂ’ ಅಂತ ಉಯ್ಯಾಲೆ ಆಡುತ್ತವೆ.

ಮಿಕ್ಸರ್ ಮುಂದೆ ಕೂತಿದ್ದ ಹುಡುಗ ಕೂಗಿದ: “ಅಣ್ಣ, ಡಿಐಲಿ ಗ್ರೌಂಡ್ ಲಿಫ್ಟ್ ಒತ್ತಿ, ಹೋಗತ್ತೆ.”

ಒತ್ತಿದೆ. ಹೋಯಿತು. ಅವನು ಹೆಬ್ಬೆರಳು ತೋರಿಸಿದ. ನಾನು ಬ್ಯಾಗಿನಿಂದ ಟೆಸ್ಟರ್ ತೆಗೆದು, ಗಿಟಾರನ್ನು ಸ್ಟ್ಯಾಂಡಿಗೆ ಒರಗಿಸಿ, ತಂತಿಗೆ ತುದಿ ಮುಟ್ಟಿಸಿದೆ. ಟೆಸ್ಟರಿನೊಳಗೆ ಕೆಂಪು ದೀಪ ಹತ್ತಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಿಟಾರಿನ ತಂತಿಗಳು ಬ್ರಿಡ್ಜಿನ ಮೂಲಕ ಕೇಬಲಿನ ಹೊರಕವಚಕ್ಕೆ ಸೇರಿರುತ್ತವೆ, ಆ ಕವಚ ಆಂಪಿನ ಲೋಹದ ಮೈಗೆ. ಆಂಪಿಗೆ ಸರಿಯಾದ ಅರ್ತ್ ಇದ್ದರೆ ತಂತಿಗೂ ಇದೆ. ಎದುರು ಮನೆಯ ವೈರಿನಲ್ಲಿ ಅರ್ತ್ ಎಳೆಯೇ ಇರಲಿಲ್ಲ. ಹಾಗಾಗಿ ಆಂಪಿನಲ್ಲಿ ಸೋರುತ್ತಿದ್ದ ಅಷ್ಟಿಷ್ಟು ಕರೆಂಟು ಮಿಕ್ಸರಿಗೆ ಹೋಗುವ ಕೇಬಲಿನ ಕವಚ ಹಿಡಿದು ಜೆನ್‌ಸೆಟ್ಟಿನ ಅರ್ತಿಗೆ ಇಳಿಯುತ್ತಿತ್ತು. ಗುಂ ಅನ್ನುತ್ತಿದ್ದದ್ದು ಅದೇ. ಲಿಫ್ಟ್ ಒತ್ತಿದರೆ ಆ ಕವಚದ ದಾರಿ ಕಡಿದುಹೋಗುತ್ತದೆ, ಸದ್ದೂ ನಿಲ್ಲುತ್ತದೆ. ಆದರೆ ಕರೆಂಟಿಗೆ ಉಳಿದ ದಾರಿ ಯಾವುದು? ತಂತಿ ಹಿಡಿದ ನಾನು. ಕೋರಸ್ಸಿಗೆ ಅಂತ ನನ್ನ ಮುಂದೆಯೂ ಒಂದು ಮೈಕ್ ಇಟ್ಟಿದ್ದರು, ಅದು ಮಿಕ್ಸರಿನ ಅರ್ತಿಗೆ ಸೇರಿದ್ದು. ಒದ್ದೆ ಮ್ಯಾಟಿನ ಮೇಲೆ ನಿಂತು, ತಂತಿಯ ಮೇಲೆ ಕೈಯಿಟ್ಟು, ಮೈಕಿಗೆ ತುಟಿ ತಾಗಿಸಿದ್ದರೆ ಸರ್ಕ್ಯೂಟು ಪೂರ್ತಿ. ಟೆಸ್ಟರು ಸಣ್ಣ ಸೋರಿಕೆಗೂ ಹತ್ತುತ್ತದೆ ನಿಜ, ಎಷ್ಟು ಜೋರಿದೆ ಅಂತ ಅದು ಹೇಳುವುದಿಲ್ಲ. ಹೇಳುವುದಿಲ್ಲ ಅನ್ನುವುದಕ್ಕೇ ಮುಟ್ಟಬಾರದು. ಗ್ರೌಂಡ್ ಲಿಫ್ಟ್ ಇರುವುದು ಎರಡೂ ಕಡೆ ಅರ್ತ್ ಸರಿಯಿದ್ದು, ನಡುವೆ ಸುತ್ತು ಬಿದ್ದಾಗ ಬಿಡಿಸಿಕೊಳ್ಳಲು. ಅರ್ತ್ ಇಲ್ಲದಿರುವುದಕ್ಕೆ ಅದು ಮದ್ದಲ್ಲ.

ಸಂಘದ ಹುಡುಗರಲ್ಲೊಬ್ಬ ಬಂದು “ಏನೂ ಆಗಲ್ಲ ಬಿಡಿ ಸರ್, ಗಣೇಶನಿಗೂ ಇದೇ ಲೈನು” ಅಂದ. ಅವನ ಜೊತೆ ವಾದ ಮಾಡಲಿಲ್ಲ. ಓಮ್ನಿಯಿಂದ ನನ್ನ ಎಕ್ಸ್‌ಟೆನ್ಷನ್ ತಂದೆ. ಮೂರೆಳೆಯ ದಪ್ಪ ವೈರು, ಇಪ್ಪತ್ತು ಮೀಟರು, ನಾನೇ ಕೂತು ಪ್ಲಗ್ ಹಾಕಿದ್ದು. ಅದರ ಜೊತೆ 15 ಆಂಪಿಯರಿನ ಸಾಕೆಟ್ಟಿಗೆ 5 ಆಂಪಿಯರಿನ ಪ್ಲಗ್ ಕೂರಿಸುವ ಕನ್ವರ್ಟರ್ ಬೇಕೇ ಬೇಕು. ಜೆನ್‌ಸೆಟ್ ಬೋರ್ಡಿನಲ್ಲಿ ಇರುವುದೆಲ್ಲ ದಪ್ಪ ತೂತಿನ ಸಾಕೆಟ್ಟೇ. ಸ್ಟೇಜಿನ ಹಿಂದಿನಿಂದ ಲೈನ್ ಎಳೆದು ನನ್ನ ಆಂಪು, ಕೀಬೋರ್ಡು, ತಾಳ ನುಡಿಸುವ ಎಲೆಕ್ಟ್ರಾನಿಕ್ ಪ್ಯಾಡು ಎಲ್ಲವನ್ನೂ ಅದಕ್ಕೇ ಹಾಕಿಸಿದೆ. ಒತ್ತಿದ್ದ ಲಿಫ್ಟನ್ನು ಮತ್ತೆ ಮೊದಲಿದ್ದ ಹಾಗೆ ಬಿಟ್ಟೆ. ಸದ್ದಿಲ್ಲ. ಟೆಸ್ಟರೂ ಹತ್ತಲಿಲ್ಲ. ಸೀರಿಯಲ್ ಸೆಟ್ಟಿನ ಪಕ್ಕ ನಿಂತರೆ ತಂತಿಯ ಕಂಪನ ಹಿಡಿಯುವ ಪಿಕಪ್ಪು ಸಣ್ಣಗೆ ಜಿರ್ ಅನ್ನುತ್ತಿತ್ತು, ಎರಡು ಹೆಜ್ಜೆ ಈಚೆ ಬಂದು ನಿಂತೆ.

ಈ ಗಲಾಟೆಯ ನಡುವೆ ಪ್ಯಾಡ್ ಹುಡುಗ ತಲೆ ಕೆರೆದುಕೊಂಡು ಬಂದ. “ಅಣ್ಣ, ಅಡಾಪ್ಟರ್ ಇದ್ಯಾ? ನಂದು ಮನೇಲೇ ಉಳೀತು.” ಇತ್ತು. ಅವನು ಸೇರಿದಾಗಿನಿಂದ ನನ್ನ ಬ್ಯಾಗಿನಲ್ಲಿ ಅವನಿಗೋಸ್ಕರವೇ ಒಂದು ಇರುತ್ತದೆ. ವೋಲ್ಟ್ ಹೊಂದಿದರೆ ಸಾಲದು, ಪಿನ್ನಿನ ಒಳಗೆ ಪ್ಲಸ್ಸೋ ಮೈನಸ್ಸೋ ಅನ್ನುವುದೂ ಹೊಂದಬೇಕು. ಹಾಗಾಗಿ ಅದರ ಮೇಲೆ ‘ಪ್ಯಾಡ್’ ಅಂತ ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ.

ಕಾರ್ಯಕ್ರಮ ಚೆನ್ನಾಗಿಯೇ ಶುರುವಾಯಿತು. ನಾಡಗೀತೆ, ಎರಡು ಭಕ್ತಿಗೀತೆ, ಆಮೇಲೆ ಶಂಕರ್‌ನಾಗ್ ಕಾಲದ ಒಂದು ಇಳಯರಾಜ ಹಾಡು. ಇಳಯರಾಜ ಹಾಡು ಬಂತೆಂದರೆ ಬೇಸ್ ನುಡಿಸುವವನಿಗೆ ಆವತ್ತು ಸಂಬಳ ಕೊಡದಿದ್ದರೂ ನಡೆಯುತ್ತದೆ. ಜನ ಗಾಯಕರನ್ನು ನೋಡುತ್ತಾರೆ, ಕಾಲು ಕುಣಿಯುವುದು ನಮ್ಮ ತಂತಿಗೆ. ಗಾಯಕರು ಕೊನೆ ಗಳಿಗೆಯಲ್ಲಿ “ಶ್ರುತಿ ಅರ್ಧ ಇಳಿಸಿ ಮೇಷ್ಟ್ರೇ” ಅಂದರೆ ಕೀಬೋರ್ಡ್ ಮೇಷ್ಟ್ರು ಒಂದು ಗುಂಡಿ ಒತ್ತಿ ಟ್ರಾನ್ಸ್‌ಪೋಸ್ ಮಾಡಿಬಿಡುತ್ತಾರೆ. ನನಗೆ ಆ ಗುಂಡಿ ಇಲ್ಲ. ಅದಕ್ಕೇ ಕಾರ್ಡ್ಸ್ ಬರೆದ ನೋಟ್‌ಬುಕ್ಕು, ಪೆನ್ಸಿಲ್ಲು, ಗಾಳಿಗೆ ಹಾಳೆ ಹಾರದಂತೆ ಎರಡು ಬಟ್ಟೆ ಕ್ಲಿಪ್ಪು. ಟ್ಯಾಬ್ ಇಟ್ಟುಕೊಂಡವರು ನಗುತ್ತಾರೆ, ನಗಲಿ. ಮಳೆ ಹನಿ ಬಿದ್ದ ಟ್ಯಾಬಿನಲ್ಲಿ ಪುಟ ತಾನಾಗಿಯೇ ಮಗುಚಿಕೊಳ್ಳುವುದನ್ನು ಕಣ್ಣಾರೆ ನೋಡಿದ್ದೇನೆ.

ಎಂಟೂವರೆಗೆ ಸನ್ಮಾನ. ಬೀದಿ ರಸಮಂಜರಿಯಲ್ಲಿ ವಾದ್ಯಗಳಿಗೆ ಅತಿ ಅಪಾಯದ ಹೊತ್ತು ಇದೇ. ಮುಖ್ಯ ಅತಿಥಿಗಳು, ಅವರ ಹಿಂದೆ ಮುಂದೆ ಬರುವವರು, ಪೇಟ ಹಿಡಿದವರು, ಶಾಲು ಹಿಡಿದವರು, ಫೋಟೋಗೆ ನುಗ್ಗುವವರು, ಎಲ್ಲರೂ ಒಟ್ಟಿಗೆ ಸ್ಟೇಜ್ ಹತ್ತಿದರು. ನಾನು ಗಿಟಾರ್ ತಗುಲಿಹಾಕಿಕೊಂಡೇ ಹಿಂದೆ ಸರಿದು ಡ್ರಮ್ ಪಕ್ಕ ನಿಂತೆ. ಕೇಬಲನ್ನು ಯಾವತ್ತೂ ಸ್ಟ್ರ್ಯಾಪಿನ ಸಂದಿನಿಂದ ಒಂದು ಸುತ್ತು ತಂದು ಜಾಕಿಗೆ ಹಾಕುತ್ತೇನೆ, ಎಳೆದರೆ ಜಾಕಿಗೆ ಏಟು ಬೀಳಬಾರದು ಅಂತ. ಆದರೂ ಯಾರೋ ಹಾರ ಎತ್ತಿಕೊಂಡು ಹಿಂದಕ್ಕೆ ನಡೆದವರು ಕೇಬಲ್ ಮೇಲೆ ಕಾಲಿಟ್ಟು, ಎಡವಿ, ಪೂರ್ತಿ ಭಾರ ಅದರ ಮೇಲೇ ಹಾಕಿದರು. ಸ್ಟ್ರ್ಯಾಪು ಜಾರಿತು, ಜಾಕು ಲಟಕ್ಕೆಂದಿತು.

ಮುಂದಿನ ಹಾಡಿಗೆ ತಂತಿ ಮೀಟಿದರೆ ಸದ್ದೇ ಇಲ್ಲ.

ಇಲ್ಲಿ ಬ್ಯಾಗಿಗಿಂತ ಕ್ರಮ ಮುಖ್ಯ. ಮೇಷ್ಟ್ರಿಗೆ ಸನ್ನೆ ಮಾಡಿದೆ. ಅವರು ಕೀಬೋರ್ಡನ್ನು ಎರಡು ಭಾಗ ಮಾಡಿ ಎಡಗೈಯಲ್ಲಿ ಬೇಸ್ ಹಿಡಿದುಕೊಂಡರು. ಇದು ನಮ್ಮ ಮೊದಲಿನಿಂದಲೂ ಇರುವ ಒಪ್ಪಂದ, ದುಡ್ಡು ಖರ್ಚಿಲ್ಲದ ಸ್ಪೇರು. ನಾನು ಟ್ಯೂನರ್ ಪೆಡಲ್ ತುಳಿದು ಮ್ಯೂಟ್ ಮಾಡಿದೆ. ಮ್ಯೂಟ್ ಮಾಡದೆ ಕೇಬಲ್ ಕಿತ್ತರೆ ಆ ಬೇಸ್ ಬಾಕ್ಸುಗಳಲ್ಲಿ ‘ಢಮಾರ್’ ಅನ್ನುತ್ತದೆ, ಮುಂದಿನ ಸಾಲಿನ ಮಕ್ಕಳು ಬೆಚ್ಚಿಬೀಳುತ್ತವೆ, ಸೌಂಡಿನ ಹುಡುಗ ಆಮೇಲೆ ಮುಖ ಕೊಟ್ಟು ಮಾತಾಡುವುದಿಲ್ಲ. ಕೇಬಲ್ ಬದಲಿಸಿದೆ. ಟ್ಯೂನರಿನಲ್ಲಿ ಮುಳ್ಳು ಅಲ್ಲಾಡಲಿಲ್ಲ. ಅಂದರೆ ತೊಂದರೆ ಕೇಬಲಿನದಲ್ಲ, ಗಿಟಾರಿನದು. ಈ ಗಿಟಾರಿನೊಳಗೆ ಒಂದು ಬ್ಯಾಟರಿ ಇದೆ, ತೊಂದರೆ ಅದರದ್ದಿರಲಾರದು, ತಿಂಗಳ ಮೊದಲಿಗೇ ಹೊಸ 9 ವೋಲ್ಟಿನದು ಹಾಕಿದ್ದೆ. ಅಲ್ಲದೆ ಬ್ಯಾಟರಿ ಸಾಯುವಾಗ ಮೊದಲು ಸ್ವರ ಒಡೆದು ಕರಕರ ಅನ್ನುತ್ತದೆ, ಹೀಗೆ ಕತ್ತರಿಸಿದಂತೆ ನಿಲ್ಲುವುದಿಲ್ಲ. ಜಾಕನ್ನು ಹಿಡಿದು ಅಲ್ಲಾಡಿಸಿದರೆ ತಿರುಗಿತು. ನಟ್ ಸಡಿಲವಾಗಿ ಒಳಗಿನ ವೈರು ಕಿತ್ತಿದೆ. ಸ್ಪ್ಯಾನರಿನಿಂದ ನಟ್ ಬಿಗಿ ಮಾಡಬಹುದು, ಬೆಸುಗೆ ಹಾಕುವಷ್ಟು ಹೊತ್ತು ಯಾವ ನಿರೂಪಕಿಯೂ ಮಾತಾಡುವುದಿಲ್ಲ.

ಹಿಂದೆ ಒರಗಿಸಿದ್ದ ಹಳೆಯ ಗಿಟಾರ್ ತೆಗೆದೆ. ಎರಡನೆಯ ಬೇಸು ಮೊದಲನೆಯದಕ್ಕಿಂತ ಬಡವಾಗಿರಬೇಕು ಅನ್ನುವುದು ನನ್ನ ಮತ. ನನ್ನದು ಬ್ಯಾಟರಿಯೇ ಬೇಡದ ಪ್ಯಾಸಿವ್. ಎರಡು ಗುಂಡಿ, ನಾಲ್ಕು ತಂತಿ, ಕೆಡುವುದಕ್ಕೆ ಒಳಗೆ ಹೆಚ್ಚೇನೂ ಇಲ್ಲ. ದನಿ ಸ್ವಲ್ಪ ಮೆಲ್ಲಗೆ ಬರುತ್ತದೆ. ಸೌಂಡ್ ಚೆಕ್ಕಿನಲ್ಲೇ ಅದನ್ನೂ ಒಮ್ಮೆ ನುಡಿಸಿ ತೋರಿಸಿದ್ದೆ, ನಾನು ಎರಡು ಬೆರಳೆತ್ತಿದೊಡನೆ ಹುಡುಗ ಫೇಡರ್ ಏರಿಸಿದ. ಶ್ರುತಿ ನೋಡಿಕೊಂಡು ಎರಡನೇ ಚರಣಕ್ಕೆ ಒಳಗೆ ಬಂದೆ. ಮೇಷ್ಟ್ರು ಎಡಗೈ ಎತ್ತಿ ಟೀ ಲೋಟಕ್ಕೆ ಕೈ ಚಾಚಿದರು.

ತಂತಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಂದು ಸೆಟ್ ಬ್ಯಾಗಿನಲ್ಲಿದೆ, ಆದರೆ ಬೇಸಿನ ತಂತಿ ಸ್ಟೇಜಿನಲ್ಲಿ ಕಡಿಯುವುದು ಅಪರೂಪ. ಕಡಿದರೂ ಉಳಿದ ಮೂರರಲ್ಲಿ ರಾತ್ರಿ ತಳ್ಳಬಹುದು. ಹೊಸತು ಹಾಕಿದರೆ ಅದು ಹಿಗ್ಗುತ್ತಾ ಶ್ರುತಿ ಇಳಿಯುತ್ತಲೇ ಇರುತ್ತದೆ. ಅದಕ್ಕಿಂತ ಉಪಯೋಗಕ್ಕೆ ಬರುವುದು ಸ್ಟ್ರ್ಯಾಪ್ ಗುಬುಟಿಗೆ ತೊಡಿಸುವ ನಲ್ಲಿಯ ರಬ್ಬರ್ ವಾಷರು, ತಲೆಗೆ ಕಟ್ಟುವ ಟಾರ್ಚು, ಬಟ್ಟೆಯ ಟೇಪು. ಬಿಡಿ ಬ್ಯಾಟರಿಯ ಬಾಯಿಗೆ ಟೇಪ್ ಅಂಟಿಸಿಯೇ ಇಡಬೇಕು. ಚಿಲ್ಲರೆ ಕಾಸೋ ಬೀಗದ ಕೈಯೋ ಎರಡು ತುದಿಗೂ ತಾಗಿದರೆ ಬ್ಯಾಗಿನೊಳಗೇ ಕಾಯುತ್ತದೆ.

ಹತ್ತು ಗಂಟೆಗೆ ಐದು ನಿಮಿಷ ಇರುವಾಗ ಪೊಲೀಸರ ಹೊಯ್ಸಳ ಗಾಡಿ ಬಂದು ಅಡ್ಡರಸ್ತೆಯ ತುದಿಯಲ್ಲಿ ನಿಂತಿತು. ಇನ್ನೂ ಎರಡು ಹಾಡು ಬಾಕಿ ಅಂತ ಸಂಘದವರು ಗೊಣಗಿದರು, ನಾವು ಒಂದನ್ನೇ ಅರ್ಧಕ್ಕೆ ಮೊಟಕುಗೊಳಿಸಿ ಮುಗಿಸಿದೆವು. ಪೇಮೆಂಟಿಗೆ ಕಾಯುತ್ತಾ ಕೇಬಲ್ ಸುತ್ತುವಾಗ ಎಲ್ಲವೂ ಕೆಸರು. ಒರೆಸದೆ ಬ್ಯಾಗಿಗೆ ಹಾಕಲಿಲ್ಲ.

ಸೋಮವಾರ ಅರ್ಧ ದಿನ ರಜೆ ಹಾಕಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋದೆ, ಪ್ಯಾಡ್ ಹುಡುಗನನ್ನೂ ಬೈಕಿನಲ್ಲಿ ಕೂರಿಸಿಕೊಂಡು. ಅಂಗಡಿಯವರು ಗಿಟಾರ್ ಜಾಕ್ ಅಂದೊಡನೆ ಮೋನೋ ಕೊಟ್ಟರು. ಬ್ಯಾಟರಿ ಇರುವ ಬೇಸಿಗೆ ಅದು ಆಗುವುದಿಲ್ಲ, ಮೂರು ಕಾಲಿನ ಸ್ಟೀರಿಯೋ ಜಾಕೇ ಬೇಕು: ಮೂರನೆಯ ಕಾಲಿಗೆ ಬ್ಯಾಟರಿಯ ಕಪ್ಪು ವೈರು ಬರುತ್ತದೆ, ಕೇಬಲ್ ಸಿಕ್ಕಿಸಿದಾಗ ಆನ್, ಕಿತ್ತಾಗ ಆಫ್. ಬಿಚ್ಚಿದ ಹಳೆಯದನ್ನು ಜೇಬಿನಲ್ಲಿ ಒಯ್ದಿದ್ದೆ, ತೋರಿಸಿದೆ. ಡಬ್ಬಿ ತಡಕಿ ಹೊಂದುವಂಥದ್ದು ಎರಡು ಕೊಟ್ಟರು. ಪಕ್ಕದ ಅಂಗಡಿಯಲ್ಲಿ ಹುಡುಗನಿಗೆ ಅಡಾಪ್ಟರ್ ನೋಡಿದೆವು. “ನಿಮ್ಮ ಹತ್ರ ಇದ್ದೇ ಇದ್ಯಲ್ಲ ಅಣ್ಣ” ಅಂದ. ಬಿಲ್ ಅವನ ಕೈಗೇ ಕೊಡಿಸಿದೆ.