ಬಕೆಟ್‌ಹೆಡ್ ಪ್ರೋಗ್ ಅಲ್ಲ, ಅವರ ಬೇರು ಫಂಕ್‌ನಲ್ಲಿದೆ

ಗಿಟಾರ್ ವಾದಕ ಬಕೆಟ್‌ಹೆಡ್ ನುಡಿಸುವುದು ಪ್ರೋಗ್ರೆಸಿವ್ ರಾಕ್, ಅಂದರೆ ಚಿಕ್ಕದಾಗಿ ಪ್ರೋಗ್, ಅಲ್ಲ. ಅವರ ಅಭಿಮಾನಿಯಾಗಿಯೇ ಈ ಮಾತು ಹೇಳುತ್ತಿದ್ದೇನೆ. ಜಯನಗರದ ನಮ್ಮ ಗುಂಪಿನಲ್ಲಿ ಈ ವಿಷಯ ಎತ್ತಿದರೆ ಸಾಕು, ಕಾಫಿ ಮುಗಿದು ಇನ್ನೊಂದು ಕಾಫಿ ಬಂದರೂ ವಾದ ಮುಗಿಯುವುದಿಲ್ಲ. ನಮ್ಮ ಡ್ರಮ್ಮರ್ ಪ್ರತಿ ಸಲ ಹೇಳುವುದು ಒಂದೇ. "ಮಗಾ, ಮುಖವಾಡ ಇದೆ, ಉದ್ದುದ್ದ ಪೀಸ್‌ಗಳಿವೆ, ಬೆರಳು ಆ ಪಾಟಿ ಓಡುತ್ತೆ, ತನ್ನದೇ ಒಂದು ಲೋಕ ಕಟ್ಟಿಕೊಂಡಿದ್ದಾನೆ. ಪ್ರೋಗ್ ಅನ್ನೋಕೆ ಇನ್ನೇನು ಬೇಕು?" ಅವನು ಹೇಳುವ ನಾಲ್ಕೂ ನಿಜ. ಆದರೆ ಆ ನಾಲ್ಕನ್ನೂ ಹಿಡಿದು ಹಿಂದಕ್ಕೆ ಹೋದರೆ ನಾವು ತಲುಪುವುದು ಜೆನೆಸಿಸ್, ಯೆಸ್, ಕಿಂಗ್ ಕ್ರಿಮ್ಸನ್ ಥರದ ಬ್ರಿಟನ್ನಿನ ಪ್ರೋಗ್ ಬ್ಯಾಂಡ್‌ಗಳ ಮನೆಗೆ ಅಲ್ಲ. ಬೇರೆಯದೇ ಮನೆಗೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಬಕೆಟ್‌ಹೆಡ್ ಅಂದರೆ ಬ್ರಯನ್ ಕ್ಯಾರೊಲ್, 1969ರಲ್ಲಿ ಹುಟ್ಟಿದ ಕ್ಯಾಲಿಫೋರ್ನಿಯಾದ ಗಿಟಾರ್ ವಾದಕ. ಮುಖಕ್ಕೆ ಭಾವವೇ ಇಲ್ಲದ ಬಿಳಿ ಮುಖವಾಡ, ತಲೆ ಮೇಲೆ ಕೆಎಫ್‌ಸಿ ಚಿಕನ್ ಬಕೆಟ್. ವೇದಿಕೆ ಮೇಲೆ ಮಾತಿಲ್ಲ. ನಡುವೆ ಗಿಟಾರ್ ಇಳಿಸಿ ನಂಚಾಕು ತಿರುಗಿಸುತ್ತಾರೆ, ರೋಬೋ ಥರ ಕುಣಿಯುತ್ತಾರೆ. 2000ದಿಂದ 2004ರವರೆಗೆ ಗನ್ಸ್ ಎನ್ ರೋಸಸ್‌ನಲ್ಲಿದ್ದರು. 2012ರ ಡಿಸೆಂಬರ್‌ನಲ್ಲಿ ಆ ಬ್ಯಾಂಡ್ ಬೆಂಗಳೂರಿಗೆ ಬಂದಾಗ ಅವರು ಬಿಟ್ಟು ಎಷ್ಟೋ ವರ್ಷವಾಗಿತ್ತು. 2008ರಲ್ಲಿ ಬಂದ ಚೈನೀಸ್ ಡೆಮಾಕ್ರಸಿ ಆಲ್ಬಂನಲ್ಲಿ ಅವರ ಕೈ ಎಲ್ಲೆಲ್ಲಿದೆ ಅಂತ ಗೊತ್ತಿದ್ದವರಿಗೆ ಆ ಜಾಗಗಳು ಈಗಲೂ ಎದ್ದು ಕೇಳಿಸುತ್ತವೆ.

ಮೊದಲು ವೇಷದ ವಿಷಯ. ಪ್ರೋಗ್‌ನಲ್ಲಿ ವೇಷ ಇತ್ತು, ಜೋರಾಗಿಯೇ ಇತ್ತು. 1972ರಲ್ಲಿ ಡಬ್ಲಿನ್‌ನಲ್ಲಿ ಜೆನೆಸಿಸ್‌ನ ಪೀಟರ್ ಗೇಬ್ರಿಯಲ್ ಹೆಂಡತಿಯ ಕೆಂಪು ಗೌನು ಹಾಕಿಕೊಂಡು, ತಲೆಗೆ ನರಿಯ ಮುಖ ಸಿಕ್ಕಿಸಿಕೊಂಡು ಬಂದರು. ಆಮೇಲೆ ಹೂವಿನ ಮುಖವಾಡ ಬಂತು, ಮೈಯೆಲ್ಲ ಗುಳ್ಳೆ ಎದ್ದ ಸ್ಲಿಪ್ಪರ್‌ಮ್ಯಾನ್ ಬಂದ. ಯೆಸ್‌ನಲ್ಲಿದ್ದ ರಿಕ್ ವೇಕ್‌ಮನ್ ಮಿನುಗುವ ಉದ್ದ ಕೇಪ್ ಹೊದ್ದು ಕೀಬೋರ್ಡ್ ನುಡಿಸುತ್ತಿದ್ದರು, 1975ರಲ್ಲಿ ವೆಂಬ್ಲಿಯಲ್ಲಿ ಐಸ್ ಸ್ಕೇಟಿಂಗ್ ಮಾಡುವವರನ್ನಿಟ್ಟು ಆರ್ಥರ್ ರಾಜನ ಕಥೆಯನ್ನೇ ಆಡಿಸಿದರು. ಆದರೆ ಗೇಬ್ರಿಯಲ್ ವೇಷ ಹಾಡಿನ ಒಳಗಿನದು. ಯಕ್ಷಗಾನದಲ್ಲಿ ಪ್ರಸಂಗ ಬದಲಾದರೆ ವೇಷವೂ ಬದಲಾಗುತ್ತದೆ, ನಿನ್ನೆ ರಾಕ್ಷಸನಾಗಿ ಅಬ್ಬರಿಸಿದವರು ಇವತ್ತು ಬೇರೆ ಪಾತ್ರ ಕಟ್ಟುತ್ತಾರೆ. ಗೇಬ್ರಿಯಲ್ ವೇಷ ಹಾಗೆ. ಆ ಹೂವಿನ ಮುಖವಾಡ ಆ ಹಾಡಿನ ಆ ಭಾಗಕ್ಕೆ ಮಾತ್ರ, ಅದು ಮುಗಿದರೆ ತೆಗೆದಿಡಬೇಕು. ಬಕೆಟ್‌ಹೆಡ್ ವೇಷ ಯಾವ ಹಾಡಿನ ಪಾತ್ರವೂ ಅಲ್ಲ. ಮೆಟಲ್ ನುಡಿಸಿದರೂ ಅದೇ ಬಕೆಟ್, ಕಣ್ಣಲ್ಲಿ ನೀರು ಬರಿಸುವ ಅಕೌಸ್ಟಿಕ್ ನುಡಿಸಿದರೂ ಅದೇ ಬಕೆಟ್. ಅದು ನುಡಿಸುವ ಮನುಷ್ಯನ ಇನ್ನೊಂದು ಮೈ.

ಹೀಗೆ ಇಡೀ ಮನುಷ್ಯನೇ ಬೇರೊಂದು ಜೀವಿಯಾಗಿಬಿಡುವುದು ಎಲ್ಲಿತ್ತು ಗೊತ್ತಾ? ಪಾರ್ಲಿಮೆಂಟ್-ಫಂಕಡೆಲಿಕ್ ಅನ್ನುವ ಅಮೆರಿಕದ ಫಂಕ್ ಗುಂಪಿನಲ್ಲಿ. ಫಂಕ್ ಅಂದರೆ ಬಾಸ್, ತಾಳ ಮುಂದೆ ನಿಂತು ಕುಣಿಸುವ ಸಂಗೀತ. ಆ ಗುಂಪಿನ ನಾಯಕ ಜಾರ್ಜ್ ಕ್ಲಿಂಟನ್ 1976ರಲ್ಲಿ ವೇದಿಕೆ ಮೇಲೆ ಮದರ್‌ಶಿಪ್ ಅನ್ನುವ ಬಾಹ್ಯಾಕಾಶ ನೌಕೆಯನ್ನೇ ಇಳಿಸಿದರು. ಬಾಸ್ ನುಡಿಸುವ ಬೂಟ್ಸಿ ಕಾಲಿನ್ಸ್ ನಕ್ಷತ್ರದ ಕನ್ನಡಕ ಹಾಕಿದರೆ ಆ ಕನ್ನಡಕವೇ ಬೂಟ್ಸಿ. ಗ್ಯಾರಿ ಶೈಡರ್ ಮಗುವಿನ ಲಂಗೋಟಿ ಕಟ್ಟಿಕೊಂಡು ಗಿಟಾರ್ ನುಡಿಸಿದರು. ಇದನ್ನು ನಾನು ಸುಮ್ನೆ ಹೋಲಿಕೆಗೆ ಹೇಳುತ್ತಿಲ್ಲ. ಬಿಲ್ ಲಾಸ್ವೆಲ್ ಕಟ್ಟಿದ ಪ್ರಾಕ್ಸಿಸ್ ಬ್ಯಾಂಡಿನ 1992ರ ಆಲ್ಬಂ ತೆಗೆದು ನೋಡಿ: ಬೂಟ್ಸಿ ಇದ್ದಾರೆ, ಫಂಕಡೆಲಿಕ್ ಕೀಬೋರ್ಡ್‌ನ ಬರ್ನಿ ವೊರೆಲ್ ಇದ್ದಾರೆ, ಡ್ರಮ್ಸ್‌ಗೆ ಬ್ರೇನ್ ಇದ್ದಾರೆ, ಗಿಟಾರ್‌ಗೆ ಬಕೆಟ್‌ಹೆಡ್. ಆ ಹುಡುಗನನ್ನು ಹತ್ತಿರ ಕರೆದು ಕೂರಿಸಿಕೊಂಡದ್ದು ಫಂಕ್‌ನ ಹಿರಿಯರು. ಅದೇ ವರ್ಷ ಬಂದ ಬಕೆಟ್‌ಹೆಡ್ ಅವರ ಮೊದಲ ಸೋಲೋ ಆಲ್ಬಂನ ಹೆಸರು ಬಕೆಟ್‌ಹೆಡ್‌ಲ್ಯಾಂಡ್, ಕಲ್ಪನೆಯ ಒಂದು ಅಮ್ಯೂಸ್‌ಮೆಂಟ್ ಪಾರ್ಕ್. ತನ್ನದೇ ಲೋಕ ಕಟ್ಟುವ ಈ ಚಟಕ್ಕೂ ಮದರ್‌ಶಿಪ್‌ನ ನಂಟಿದೆ ಅಂತಲೇ ನನಗೆ ಅನ್ನಿಸುತ್ತದೆ.

ಈಗ ಉದ್ದದ ವಿಷಯ. ಇಲ್ಲೇ ಜಾಸ್ತಿ ಜನ ಎಡವುವುದು. ಬಕೆಟ್‌ಹೆಡ್ ಅವರ ಸೂತ್‌ಸೇಯರ್ ಅನ್ನುವ ಪೀಸ್ 9 ನಿಮಿಷಕ್ಕೂ ಉದ್ದವಿದೆ ನಿಜ. ಆದರೆ ಅದು ಹೇಗೆ ಬೆಳೆಯುತ್ತದೆ ಅಂತ ಒಮ್ಮೆ ಗಮನವಿಟ್ಟು ಕೇಳಿ. ಕೆಲವೇ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಂಪುಗಳ, ಸುತ್ತು ಮತ್ತೆ ಮತ್ತೆ ಬರುತ್ತದೆ, ಅದರ ಮೇಲೆ ಒಂದೇ ಗಿಟಾರ್ ಮೊದಲು ಮೆಲ್ಲಗೆ ಹಾಡುತ್ತದೆ, ಆಮೇಲೆ ಗಂಟಲು ಬಿಚ್ಚುತ್ತದೆ, ಕೊನೆಗೆ ಹಿಡಿತಕ್ಕೆ ಸಿಗದ ಹಾಗೆ ಓಡುತ್ತದೆ. ಬದಲಾಗುವುದು ಗಿಟಾರಿನ ಮನಸ್ಸು, ಕೆಳಗಿನ ನೆಲ ಹೆಚ್ಚುಕಮ್ಮಿ ಅದೇ. ಜೆನೆಸಿಸ್‌ನ ಸಪರ್ಸ್ ರೆಡಿ ತೆಗೆದುಕೊಳ್ಳಿ, ಸುಮಾರು 23 ನಿಮಿಷ, ಏಳು ಭಾಗ. ಒಂದು ಭಾಗದಿಂದ ಇನ್ನೊಂದಕ್ಕೆ ದಾಟುವಾಗ ಲಯ, ಶ್ರುತಿ, ವಾದ್ಯ, ಕಥೆ ಎಲ್ಲವೂ ಬದಲಾಗುತ್ತವೆ. ನಡುವೆ 9 ಎಣಿಕೆಯ ಒಂದು ದೊಡ್ಡ ಭಾಗ ಬರುತ್ತದೆ. ಕೊನೆಯಲ್ಲಿ ಮೊದಲಿನ ಧಾಟಿ ತಿರುಗಿ ಬಂದಾಗ ಅದು ಬೇರೆಯದೇ ಅರ್ಥ ಹೊತ್ತು ಬರುತ್ತದೆ. ಪ್ರೋಗ್ ಅಂದರೆ ನನಗೆ ಈ ಕಟ್ಟಡ. ನಾಲ್ಕೈದು ಜನ ಕೂತು, ಯಾರು ಎಲ್ಲಿ ಸುಮ್ಮನಿರಬೇಕು ಅಂತ ತೀರ್ಮಾನಿಸಿ ಕಟ್ಟಿದ್ದು. ಜೆನೆಸಿಸ್‌ನ ಸ್ಟೀವ್ ಹ್ಯಾಕೆಟ್ ಆಗ ಕೂತೇ ಗಿಟಾರ್ ನುಡಿಸುತ್ತಿದ್ದರು, ಎಷ್ಟೋ ಕಡೆ ಅವರ ಗಿಟಾರ್ ಯಾವುದು, ಕೀಬೋರ್ಡ್ ಯಾವುದು ಅಂತ ಬೇರೆ ಮಾಡುವುದೇ ಕಷ್ಟ.

ಸೂತ್‌ಸೇಯರ್‌ನ ಅಪ್ಪ 1971ರಲ್ಲೇ ಹುಟ್ಟಿದ್ದ. ಫಂಕಡೆಲಿಕ್‌ನ ಮ್ಯಾಗಟ್ ಬ್ರೇನ್. ಹತ್ತು ನಿಮಿಷ, ಹಿಂದೆ ತಿರುಗುವ ಕೆಲವು ಕಾರ್ಡ್, ಮುಂದೆ ಎಡ್ಡಿ ಹೇಝಲ್ ಗಿಟಾರ್. ನಿನ್ನ ತಾಯಿ ಈಗಷ್ಟೇ ತೀರಿಕೊಂಡಳು ಅಂದುಕೊಂಡು ನುಡಿಸು ಅಂತ ಕ್ಲಿಂಟನ್ ಹೇಳಿದ್ದರಂತೆ, ಆಮೇಲೆ ಮಿಕ್ಸ್ ಮಾಡುವಾಗ ಉಳಿದ ವಾದ್ಯಗಳನ್ನು ಹೆಚ್ಚುಕಮ್ಮಿ ಮರೆಗೆ ಸರಿಸಿದರು. ಒಂಟಿ ಗಿಟಾರಿನ ಅಳು. ಬಕೆಟ್‌ಹೆಡ್ 1998ರಲ್ಲಿ ಕೋಲ್ಮ ಅನ್ನುವ ಆಲ್ಬಂ ಮಾಡಿದರು, ಕ್ಯಾನ್ಸರ್ ಬಂದು ಮಲಗಿದ್ದ ಅಮ್ಮ ಕೇಳಲಿ ಅಂತ. ಆ ಮುಖವಾಡದ ಹಿಂದೆ ಏನಿದೆ ಅಂತ ಯಾರಾದರೂ ಕೇಳಿದರೆ ನಾನು ಈ ಆಲ್ಬಂ ಕೊಡುತ್ತೇನೆ. ವೇಗ ಇಲ್ಲ, ಪ್ರದರ್ಶನ ಇಲ್ಲ, ಮೆದುವಾದ ಗಿಟಾರ್ ಅಷ್ಟೇ.

ಐದು, ಏಳು ಥರದ ಬೆಸ ತಾಳದ ಲೆಕ್ಕ ಹಿಡಿದು ಪ್ರೋಗ್ ಅನ್ನುವವರೂ ಇದ್ದಾರೆ. ಈ ವಾದ ನಮ್ಮ ಊರಿನಲ್ಲಿ ನಿಲ್ಲುವುದೇ ಇಲ್ಲ. ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಚೇರಿ ಕೇಳುತ್ತಾ ಬೆಳೆದವರಿಗೆ ಮಿಶ್ರಛಾಪು ಅಂದರೆ ಏಳು, ಖಂಡಛಾಪು ಅಂದರೆ ಐದು, ತೊಡೆ ತಟ್ಟಿಕೊಂಡು ಹಾಕುತ್ತಾರೆ. ಏಳು ಎಣಿಸಿದ ಮಾತ್ರಕ್ಕೆ ಪ್ರೋಗ್ ಆಗುವುದಾದರೆ ಎಷ್ಟೋ ಕೃತಿಗಳು ಪ್ರೋಗ್ ಆಗಬೇಕು. ಬೆಂಗಳೂರಿನ ಅಗಂ ಬ್ಯಾಂಡನ್ನು ನಾನು ಪ್ರೋಗ್ ಅಂತ ಒಪ್ಪುವುದು ತಾಳಕ್ಕಾಗಿ ಅಲ್ಲ. ತ್ಯಾಗರಾಜರ ಕೃತಿಯನ್ನು ತೆಗೆದುಕೊಂಡು, ಎಲ್ಲಿ ಡ್ರಮ್ಸ್ ಇಳಿಯಬೇಕು, ಎಲ್ಲಿ ದನಿ ಒಂಟಿಯಾಗಬೇಕು, ಎಲ್ಲಿ ಗಿಟಾರ್ ಮೇಲೇಳಬೇಕು ಅಂತ ಬ್ಯಾಂಡ್ ಆಗಿ ಕಟ್ಟುತ್ತಾರೆ, ಅದಕ್ಕೆ.

ಇನ್ನು ಕೈಚಳಕ. ಬಕೆಟ್‌ಹೆಡ್ ಅವರ ಕಿಲ್ ಸ್ವಿಚ್, ಅಂದರೆ ಗಿಟಾರಿನ ಸದ್ದು ಥಟ್ಟನೆ ನಿಲ್ಲಿಸುವ ಸ್ವಿಚ್, ಬಗ್ಗೆ ಹೇಳಲೇಬೇಕು, ಯಾಕೆಂದರೆ ನನಗೆ ತುಂಬಾ ಇಷ್ಟ. ಲೆಸ್ ಪಾಲ್ ಗಿಟಾರಿನಲ್ಲಿ ತಂತಿಯ ಕಂಪನ ಹಿಡಿಯುವ ಪಿಕಪ್ ಎರಡು, ಎರಡಕ್ಕೂ ಬೇರೆ ಬೇರೆ ವಾಲ್ಯೂಮ್. ಒಂದನ್ನು ಸೊನ್ನೆಗೆ ಇಳಿಸಿ ನಡುವಿನ ಸ್ವಿಚ್ ಅಲ್ಲಾಡಿಸಿದರೆ ಸ್ವರ ಟಕ ಟಕ ಅಂತ ಕತ್ತರಿಸಿ ಕೇಳಿಸುತ್ತದೆ. ಆಮೇಲೆ ಅವರು ಬಿಳಿ ಗಿಟಾರಿಗೆ ವಿಡಿಯೋ ಗೇಮ್ ಮೆಷಿನ್‌ನ ಕೆಂಪು ಬಟನ್‌ಗಳನ್ನೇ ಹಾಕಿಸಿಕೊಂಡರು. ಬಟನ್ ಒತ್ತಿದಾಗ ಸಿಗ್ನಲ್ ನೇರ ಗ್ರೌಂಡಿಗೆ ಹೋಗುತ್ತದೆ, ಸದ್ದು ನಿಲ್ಲುತ್ತದೆ, ಬಿಟ್ಟರೆ ಬರುತ್ತದೆ. ಎಸ್‌ಪಿ ರೋಡಿನಲ್ಲಿ ಅಂಥ ಬಟನ್ ತಂದು ನಾನೂ ಒಂದು ಹಳೇ ಗಿಟಾರಿಗೆ ಬೆಸುಗೆ ಹಾಕಿದೆ. ಬಟನ್ ಹಾಕುವುದು ಸುಲಭ. ಎಡಗೈ ಸ್ವರ ಹಿಡಿದು, ಬಲಗೈ ಆ ಸ್ವರವನ್ನು ತಾಳಕ್ಕೆ ಸರಿಯಾಗಿ ಕತ್ತರಿಸುವುದಿದೆಯಲ್ಲ, ಅದು ಡಿಜೆ ರೆಕಾರ್ಡ್ ಉಜ್ಜುವ ಕಲೆಗೆ ಹತ್ತಿರ. ಅಲ್ಲಿ ಗಿಟಾರ್ ಹೆಚ್ಚುಕಮ್ಮಿ ತಾಳವಾದ್ಯ ಆಗುತ್ತದೆ. ಇದೂ ಪ್ರೋಗ್ ಕಡೆಯಿಂದ ಬಂದದ್ದಲ್ಲ.

ಹಾಗಾದರೆ ಈ ಹೆಸರಿನ ಜಗಳ ಯಾಕೆ, ಕೇಳಿ ಖುಷಿಪಟ್ಟರೆ ಸಾಲದಾ ಅಂತ ಒಬ್ಬ ಗೆಳತಿ ಕೇಳಿದಳು. ಸಾಲದು. ತಪ್ಪು ಹೆಸರು ಕೊಟ್ಟರೆ ಜನ ತಪ್ಪಾಗಿ ಕೇಳುತ್ತಾರೆ. ಪೈಕ್ಸ್ ಅಂತ ಅವರು 2011ರಿಂದ ಬಿಡುತ್ತಿರುವ ಆಲ್ಬಂಗಳಿವೆ, ಒಂದೊಂದು ಸುಮಾರು ಅರ್ಧ ಗಂಟೆ, 2015ರಲ್ಲಿ ಒಂದೇ ವರ್ಷಕ್ಕೆ ನೂರಕ್ಕೂ ಹೆಚ್ಚು ಬಂದವು. ಪ್ರೋಗ್ ಅಂದುಕೊಂಡು ಅಲ್ಲಿ ಒಂದು ಮಹಾಕಾವ್ಯ ಹುಡುಕಿದರೆ, ಇದೇನು ಸಿಕ್ಕಾಪಟ್ಟೆ ರೆಕಾರ್ಡ್ ಮಾಡಿ ಸುರಿದಿದ್ದಾರೆ ಅಂತ ಬೇಜಾರಾಗುತ್ತದೆ. ಒಬ್ಬ ವಾದಕನ ದಿನನಿತ್ಯದ ಸಾಧನೆಯನ್ನು ಬಾಗಿಲಾಚೆ ನಿಂತು ಕೇಳುತ್ತಿದ್ದೇನೆ ಅಂದುಕೊಂಡರೆ ಒಂದೊಂದರಲ್ಲೂ ಏನಾದರೂ ಸಿಗುತ್ತದೆ. ಇವತ್ತು ಸಿಟ್ಟು, ನಾಳೆ ಸಮುದ್ರ, ನಾಡಿದ್ದು ಬರೀ ಗದ್ದಲ.

ನಮ್ಮ ಡ್ರಮ್ಮರ್ ನನ್ನನ್ನು ಸೋಲಿಸಬೇಕು ಅಂದರೆ ಮುಖವಾಡ, ಸೂತ್‌ಸೇಯರ್ ಎರಡನ್ನೂ ಬಿಟ್ಟು ಪ್ರಾಕ್ಸಿಸ್ ಆಲ್ಬಂನ ಕೊನೆಯ ಆಫ್ಟರ್ ಶಾಕ್ ಹಿಡಿಯಬೇಕು. ಸುಮಾರು 16 ನಿಮಿಷ. ಸದ್ದು, ಕೀಬೋರ್ಡ್, ಗಿಟಾರ್ ಒಂದರೊಳಗೊಂದು ನುಗ್ಗಿ ನೆಲವೇ ಜರುಗುತ್ತದೆ, 1970ರ ದಶಕದ ಕಿಂಗ್ ಕ್ರಿಮ್ಸನ್ ವೇದಿಕೆ ಮೇಲೆ ಆ ಕ್ಷಣಕ್ಕೆ ಹುಟ್ಟಿಸಿ ನುಡಿಸುತ್ತಿದ್ದ ಸಂಗೀತದ ಪಕ್ಕದಲ್ಲಿ ಇದನ್ನು ಇಡಬಹುದು. ಅಲ್ಲೊಂದು ಕಡೆ ನನ್ನ ಕೈ ಸ್ವಲ್ಪ ಸಡಿಲವಾಗುತ್ತದೆ. ಆದರೆ ಅಲ್ಲೂ ಆ ಕೀಬೋರ್ಡ್ ಮೇಲೆ ಓಡುತ್ತಿರುವುದು ಬರ್ನಿ ವೊರೆಲ್ ಬೆರಳುಗಳು.