ಅಪ್ಪನ ಕ್ಯಾಸೆಟ್ ಬ್ಯಾಂಡ್ ನೋಡೋಕೆ ಲಂಡನ್‌ಗೆ: ಐರನ್ ಮೇಡನ್ ಅಭಿಮಾನಿಗಳಿಗೆ ಒಂದಿಷ್ಟು ಮಾಹಿತಿ

ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ನೋಡೋಕೆ ಅಂತಲೇ ಬೆಂಗಳೂರಿನಿಂದ ಲಂಡನ್‌ಗೆ ಹೋಗುವವರು ಮೊದಲು ಕೊಳ್ಳಬೇಕಾದದ್ದು ಕಾನ್ಸರ್ಟ್ ಟಿಕೆಟ್. ವೀಸಾ ಆಮೇಲೆ. ಬ್ರಿಟನ್ನಿನ ವಿಸಿಟರ್ ವೀಸಾಕ್ಕೆ ಪ್ರಯಾಣದ ದಿನಕ್ಕಿಂತ 3 ತಿಂಗಳ ಮುಂಚೆಯಷ್ಟೇ ಅರ್ಜಿ ಹಾಕಬಹುದು. ಟಿಕೆಟ್ ಮಾರಾಟ ಅದಕ್ಕಿಂತ ಎಷ್ಟೋ ಮೊದಲೇ ಶುರುವಾಗಿರುತ್ತದೆ. ವೀಸಾ ಬರುತ್ತೋ ಇಲ್ವೋ ಗೊತ್ತಿಲ್ಲದೆ ದುಡ್ಡು ಹಾಕಬೇಕಾಗುತ್ತದೆ, ಬೇರೆ ದಾರಿಯಿಲ್ಲ. ಬ್ಯಾಂಡಿನ ಫ್ಯಾನ್ ಕ್ಲಬ್ ಸದಸ್ಯರಿಗೆ ಎಲ್ಲರಿಗಿಂತ ಮುಂಚೆ ಟಿಕೆಟ್ ಕೊಳ್ಳುವ ಅವಕಾಶ ಕೊಡುತ್ತಾರೆ. ಸದಸ್ಯತ್ವದ ದುಡ್ಡು ಅಲ್ಲೇ ವಸೂಲಿ ಅಂದುಕೊಳ್ಳಿ.

ನಾನು ಹೋದದ್ದು ಅಪ್ಪನ ಜೊತೆ, 2025ರ ಜೂನ್ 28ರಂದು ಲಂಡನ್ ಸ್ಟೇಡಿಯಮ್‌ನಲ್ಲಿ ನಡೆದ ಕಾನ್ಸರ್ಟ್‌ಗೆ. ಬ್ಯಾಂಡಿನ 50 ವರ್ಷದ ಟೂರ್ ಅದು. ಟಿಕೆಟ್ ದುಡ್ಡು ನನ್ನದು, ಹುಚ್ಚು ಅಪ್ಪನದು. ಬ್ರಿಗೇಡ್ ರೋಡಿನಲ್ಲಿ ಕೊಂಡ ಕ್ಯಾಸೆಟ್‌ಗಳನ್ನು ಅವರು ಇವತ್ತಿಗೂ ಬಿಸಾಕಿಲ್ಲ. 2007ರ ಮಾರ್ಚ್ 17ರಂದು ಮೇಡನ್ ಮೊದಲ ಸಲ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾನಿನ್ನೂ ಪ್ರೈಮರಿ ಸ್ಕೂಲು. ನನ್ನನ್ನು ಅಜ್ಜಿ ಹತ್ತಿರ ಬಿಟ್ಟು ಹೋದ ಅಪ್ಪ ಮಾರನೇ ದಿನ ಗಂಟಲು ಕಟ್ಟಿಸಿಕೊಂಡು ಕೂತಿದ್ದರು. ಆ ಸಿಟ್ಟು ನನಗೆ ಬಹಳ ದಿನ ಇತ್ತು.

ವೀಸಾ ವಿಷಯಕ್ಕೆ ಬರೋಣ. 6 ತಿಂಗಳ ವಿಸಿಟರ್ ವೀಸಾಕ್ಕೆ 2025ರ ಏಪ್ರಿಲ್‌ನಿಂದ 127 ಪೌಂಡ್ ಇತ್ತು. ನಮ್ಮ ಲೆಕ್ಕದಲ್ಲಿ ಒಬ್ಬೊಬ್ಬರಿಗೂ 15 ಸಾವಿರ ರೂಪಾಯಿ ಹತ್ತಿರ. ಈ ದರ ಆಗಾಗ ಏರುತ್ತದೆ, ಅರ್ಜಿ ಹಾಕುವ ದಿನ ನೋಡಿಕೊಳ್ಳಿ. ಬೆರಳಚ್ಚು, ಫೋಟೋ ಎಲ್ಲ ಬೆಂಗಳೂರಿನಲ್ಲೇ ಆಗುತ್ತದೆ. ಸಾಮಾನ್ಯವಾಗಿ 3 ವಾರದಲ್ಲಿ ಉತ್ತರ ಬರುತ್ತದೆ. ನಮ್ಮ ಹಾಗೆ ಮಕ್ಕಳು ಅಪ್ಪ ಅಮ್ಮನ ಖರ್ಚು ಹಾಕುತ್ತಿದ್ದರೆ ಅದನ್ನು ಒಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆದು, ನಿಮ್ಮ ಸಂಬಳದ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಆಫೀಸಿನ ರಜೆ ಪತ್ರ ಇಡಿ. ಕಾನ್ಸರ್ಟ್ ಟಿಕೆಟ್ಟಿನ ಪ್ರತಿಯನ್ನೂ ಸೇರಿಸಿ. ಯಾಕೆ ಹೋಗುತ್ತಿದ್ದೀರಿ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ಪುರಾವೆ ಏನಿದೆ?

ಬೆಂಗಳೂರಿನಿಂದ ಹೀಥ್ರೋಗೆ ನೇರ ವಿಮಾನಗಳಿವೆ. ಅಲ್ಲಿಂದ ಸ್ಟೇಡಿಯಮ್ ಇರುವ ಸ್ಟ್ರಾಟ್‌ಫರ್ಡ್‌ಗೆ ಎಲಿಜಬೆತ್ ಲೈನ್ ರೈಲು ಹಿಡಿಯಿರಿ. ಷೆನ್‌ಫೀಲ್ಡ್ ಅಂತ ಬೋರ್ಡ್ ಇರುವುದು ಸ್ಟ್ರಾಟ್‌ಫರ್ಡ್‌ಗೆ ನೇರ ಹೋಗುತ್ತದೆ. ಅಬ್ಬಿ ವುಡ್ ಅಂತ ಇದ್ದರೆ ವೈಟ್‌ಚಾಪಲ್‌ನಲ್ಲಿ ಇಳಿದು ಬೇರೆ ರೈಲು ಹತ್ತಬೇಕು. ಟಿಕೆಟ್ ಕೌಂಟರ್ ಹುಡುಕಬೇಡಿ. ಬ್ಯಾಂಕ್ ಕಾರ್ಡನ್ನೇ ಗೇಟಿಗೆ ಮುಟ್ಟಿಸಿದರೆ ಸಾಕು. ಆದರೆ ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗುವಂತಿಲ್ಲ, ಒಬ್ಬೊಬ್ಬರಿಗೂ ಬೇರೆ ಕಾರ್ಡ್ ಇರಬೇಕು. 11ರಿಂದ 15 ವರ್ಷದ ಮಕ್ಕಳಿದ್ದರೆ ಅವರಿಗೆ ಆಯ್‌ಸ್ಟರ್ ಕಾರ್ಡ್ (ಲಂಡನ್ನಿನ ರೈಲು, ಬಸ್ಸಿಗೆ ದುಡ್ಡು ತುಂಬಿಸಿ ಬಳಸುವ ಕಾರ್ಡ್) ಕೊಂಡು, ಸ್ಟೇಷನ್ ಸಿಬ್ಬಂದಿಗೆ ಹೇಳಿ ರಿಯಾಯಿತಿ ಹಾಕಿಸಿಕೊಳ್ಳಿ. 14 ದಿನದವರೆಗೆ ಅರ್ಧ ದರ.

ಸ್ಟ್ರಾಟ್‌ಫರ್ಡ್‌ನಲ್ಲೇ ಉಳಿದುಕೊಳ್ಳಿ. ಕಾನ್ಸರ್ಟ್ ವಾರದಲ್ಲಿ ಹೋಟೆಲ್ ದುಬಾರಿ, ನಿಜ. ಅದೇ ರೈಲಿನಲ್ಲಿ ಮುಂದೆ ಸಿಗುವ ಫಾರೆಸ್ಟ್ ಗೇಟ್, ಇಲ್ಫರ್ಡ್ ಕಡೆಯೂ ನೋಡಬಹುದು. ಊರ ಮಧ್ಯದಲ್ಲಿ ಮಾತ್ರ ರೂಮ್ ಮಾಡಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಕಾನ್ಸರ್ಟ್‌ಗೆ ಒಂದು ದಿನ ಮುಂಚೆ ಬನ್ನಿ, ಆ ದಿನವನ್ನು ಪೂರ್ತಿ ಪೂರ್ವ ಲಂಡನ್‌ಗೆ ಇಡಿ. ಬಿಗ್ ಬೆನ್ ಎಲ್ಲೂ ಓಡಿಹೋಗಲ್ಲ. ಮೇಡನ್ ಹುಟ್ಟಿದ್ದು ಈ ಬೀದಿಗಳಲ್ಲಿ. ಬಾಸ್ ಗಿಟಾರ್ ನುಡಿಸುವ ಸ್ಟೀವ್ ಹ್ಯಾರಿಸ್ ಪಕ್ಕದ ಲೇಟನ್‌ಸ್ಟೋನ್‌ನವರು. 1975ರ ಕ್ರಿಸ್‌ಮಸ್ ದಿನ ಬ್ಯಾಂಡ್ ಕಟ್ಟಿದರು. ಮಾರನೇ ವರ್ಷ ಖಾಯಂ ಆಗಿ ನುಡಿಸುತ್ತಿದ್ದ ಪಬ್ 'ಕಾರ್ಟ್ ಅಂಡ್ ಹಾರ್ಸಸ್' ಈಗಲೂ ಇದೆ, ಮೇರಿಲ್ಯಾಂಡ್ ಸ್ಟೇಷನ್ನಿನ ಹತ್ತಿರ. ಸ್ಟ್ರಾಟ್‌ಫರ್ಡ್‌ನಿಂದ ನಡೆದೇ ಹೋಗಬಹುದು. ಗೋಡೆ ತುಂಬಾ ಮೇಡನ್ ಫೋಟೋ. ಕಾನ್ಸರ್ಟ್ ದಿನ ಒಳಗೆ ಕಾಲಿಡಲು ಜಾಗ ಇರುವುದಿಲ್ಲ. ಹಿಂದಿನ ದಿನ ಮಧ್ಯಾಹ್ನವೇ ಹೋಗಿ. ನಾವು ಹೋದಾಗ ಪಕ್ಕದ ಮೇಜಿನಲ್ಲಿ ಬ್ರೆಜಿಲ್‌ನಿಂದ ಬಂದ ಇನ್ನೊಂದು ಅಪ್ಪ ಮಗಳ ಜೋಡಿ ಇತ್ತು. ಇಬ್ಬರು ಅಪ್ಪಂದಿರಿಗೂ ಒಬ್ಬರ ಇಂಗ್ಲಿಷ್ ಇನ್ನೊಬ್ಬರಿಗೆ ಅರ್ಥವಾಗದೆ, ಕೊನೆಗೆ ಮೇಜು ಕುಟ್ಟಿ ಹಾಡಿನ ಲಯದಲ್ಲೇ ಮಾತಾಡಿದರು.

ಅಲ್ಲಿಂದ ಸ್ಟ್ರಾಟ್‌ಫರ್ಡ್‌ಗೆ ವಾಪಸ್ ಬಂದು 104 ನಂಬರ್ ಬಸ್ ಹತ್ತಿ. ಮಹಡಿಯ ಮೇಲೆ ಮುಂದಿನ ಸೀಟು ಸಿಕ್ಕರೆ ಬಿಡಬೇಡಿ. ದಾರಿಯಲ್ಲಿ ಅಪ್ಟನ್ ಪಾರ್ಕ್ ಬರುತ್ತದೆ. ವೆಸ್ಟ್ ಹ್ಯಾಮ್ ಫುಟ್‌ಬಾಲ್ ಕ್ಲಬ್ 2016ರವರೆಗೆ ಆಡುತ್ತಿದ್ದ ಮೈದಾನ ಇದ್ದದ್ದು ಅಲ್ಲೇ. ಈಗ ಅಪಾರ್ಟ್‌ಮೆಂಟ್‌ಗಳು. ಹುಡುಗನಾಗಿದ್ದಾಗ ಹ್ಯಾರಿಸ್ ಈ ಕ್ಲಬ್ಬಿನಲ್ಲಿ ತರಬೇತಿಗೆ ಹೋಗಿದ್ದವರು. ಅವರ ಗಿಟಾರಿನ ಮೇಲೆ ಕ್ಲಬ್ಬಿನ ಲಾಂಛನ ಇದೆ. ಕ್ಲಬ್ ಈಗ ಆಡುವುದು ಲಂಡನ್ ಸ್ಟೇಡಿಯಮ್‌ನಲ್ಲೇ. ಅಂದರೆ ನಾವು ನೋಡಿದ್ದು ಹ್ಯಾರಿಸ್ ಅವರ ಮನೆಯಂಗಳದ ಕಛೇರಿ.

ಈಸ್ಟ್ ಹ್ಯಾಮ್‌ನಲ್ಲಿ ಇಳಿದರೆ ಹೈ ಸ್ಟ್ರೀಟ್ ನಾರ್ತ್. ಇಲ್ಲಿ ನಿಮಗೆ ಬೇಕಾದ ದೋಸೆ, ಇಡ್ಲಿ, ಫಿಲ್ಟರ್ ಕಾಫಿ ಎಲ್ಲ ಸಿಗುತ್ತದೆ. ತಮಿಳರ ಅಂಗಡಿಗಳೇ ಜಾಸ್ತಿ, ಕರಿಬೇವು ಕಟ್ಟಿಟ್ಟು ಮಾರುತ್ತಾರೆ. ಇದೇ ಬೀದಿಯಲ್ಲಿ ಮಹಾಲಕ್ಷ್ಮಿ ದೇವಸ್ಥಾನ ಇದೆ. ಇನ್ನೂ ಮುಂದೆ ನಡೆದರೆ ರಸ್ಕಿನ್ ಆರ್ಮ್ಸ್, 70ರ ದಶಕದ ಕೊನೆಯಲ್ಲಿ ಮೇಡನ್ ನುಡಿಸುತ್ತಿದ್ದ ಇನ್ನೊಂದು ಪಬ್. ಈಗ ಹೋಟೆಲ್ ಆಗಿದೆ. ಹೊರಗಿನಿಂದ ಫೋಟೋ ತೆಗೆದುಕೊಂಡು ಬಂದರೆ ಸಾಕು. ಅಪ್ಪನಿಗೆ ದೇವಸ್ಥಾನಕ್ಕೂ ಹೋಗಬೇಕು. ಮೈಮೇಲೆ ಇದ್ದದ್ದು ಹಲ್ಲು ಕಿರಿದು ನಿಂತ ಎಡ್ಡಿಯ (ಮೇಡನ್ ಆಲ್ಬಮ್‌ಗಳ ಮೇಲೆಲ್ಲ ಇರುವ ಭೂತದಂಥ ಗೊಂಬೆ) ಟೀ ಶರ್ಟ್, ಜೊತೆಗೆ ಕೊಂಬಿನ ಸೈತಾನ ಬೇರೆ. ಜೂನ್ ಬಿಸಿಲಲ್ಲಿ ನನ್ನ ಜಾಕೆಟ್ ಇಸಿದುಕೊಂಡು ಕುತ್ತಿಗೆವರೆಗೆ ಜಿಪ್ ಎಳೆದು ಒಳಗೆ ಹೋದರು. "ದೇವರಿಗೇನೂ ಬೇಜಾರಾಗಲ್ಲ ಕಣೇ, ಅರ್ಚಕರಿಗೆ ಆಗಬಹುದು" ಅಂದರು.

ಕಾನ್ಸರ್ಟ್ ದಿನಕ್ಕೆ ಸೀಟಿನ ಮಾತು. ವಯಸ್ಸಾದವರ ಜೊತೆ ಹೋಗುವವರು ನಿಲ್ಲುವ ಟಿಕೆಟ್ ತಗೋಬೇಡಿ. ಬಾಗಿಲು ತೆಗೆದಾಗಿನಿಂದ ಕೊನೆವರೆಗೆ ಗಂಟೆಗಟ್ಟಲೆ ಕಾಲ ಮೇಲೆ ಇರಬೇಕು. ಆದರೆ ಇದು 2012ರ ಒಲಿಂಪಿಕ್ಸ್‌ಗೆ ಕಟ್ಟಿದ ಕ್ರೀಡಾಂಗಣ, ಗ್ಯಾಲರಿಗಳು ಮೈದಾನದಿಂದ ದೂರ. ಮೇಲಿನ ಹಂತದಲ್ಲಿ ಕೂತರೆ ಪರದೆ ನೋಡಿಕೊಂಡೇ ಬರಬೇಕು. ಕೆಳ ಹಂತದಲ್ಲಿ, ವೇದಿಕೆಯ ಎಡಬಲಕ್ಕೆ ಬರುವ ಸೀಟು ಹುಡುಕಿ. ದೊಡ್ಡ ಬ್ಯಾಗ್ ಒಳಗೆ ಬಿಡಲ್ಲ, ಅಳತೆ ಮೊದಲೇ ನೋಡಿಕೊಳ್ಳಿ. ಕಿವಿಗೆ ಇಡುವ ಸ್ಪಂಜು ಬೆಂಗಳೂರಿನ ಮೆಡಿಕಲ್ ಸ್ಟೋರಿನಲ್ಲೇ ಕೊಂಡುಹೋಗಿ. ಜೂನ್ ಕೊನೆಯಲ್ಲಿ ಅಲ್ಲಿ ಕತ್ತಲಾಗುವುದು ರಾತ್ರಿ ಒಂಬತ್ತೂವರೆ ಮೇಲೆ. ಸಂಜೆಯ ಬಿಸಿಲು ಕಣ್ಣಿಗೇ ಹೊಡೆಯುತ್ತದೆ. ಟೋಪಿ ಇರಲಿ.

ಮೊದಲು ನುಡಿಸುವ ಬ್ಯಾಂಡ್‌ಗಳನ್ನು ತಪ್ಪಿಸಬೇಡಿ. ನಮ್ಮ ದಿನ 'ದಿ ರೇವನ್ ಏಜ್' ಇತ್ತು. ಅದರ ಗಿಟಾರ್ ವಾದಕ ಜಾರ್ಜ್ ಹ್ಯಾರಿಸ್, ಸ್ಟೀವ್ ಅವರ ಮಗ. 2007ರಲ್ಲಿ ಬೆಂಗಳೂರಿನಲ್ಲಿ ಮೇಡನ್‌ಗಿಂತ ಮುಂಚೆ ದೆಹಲಿಯ ಪರಿಕ್ರಮ ಬ್ಯಾಂಡ್ ಅಲ್ಲದೆ ಸ್ಟೀವ್ ಅವರ ಮಗಳು ಲಾರೆನ್ ಕೂಡ ಹಾಡಿದ್ದರು. "ಆವತ್ತು ಮಗಳು, ಇವತ್ತು ಮಗ" ಅಂತ ಅಪ್ಪ ನನ್ನ ಕಡೆ ತಿರುಗಿ ನಕ್ಕರು. ನನಗೆ ಗಿಟಾರ್ ಕ್ಲಾಸು ಬಿಡಿಸಿದ್ದು ಯಾರು ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ.

ಫೋನ್ ಒಳಗಿಡಿ ಅಂತ ಬ್ಯಾಂಡ್ ಮೊದಲೇ ಕೇಳಿಕೊಂಡಿತ್ತು. ಪೂರ್ತಿ ಯಾರೂ ಪಾಲಿಸಲಿಲ್ಲ, ಆದರೂ ಬೇರೆ ಕಾನ್ಸರ್ಟ್‌ಗಳಿಗಿಂತ ಎಷ್ಟೋ ವಾಸಿ. ಹಾಡುಗಳೆಲ್ಲ 1980ರಿಂದ 1992ರವರೆಗಿನ ಮೊದಲ 9 ಆಲ್ಬಮ್‌ಗಳವು. ಅಂದರೆ ಸರಿಯಾಗಿ ಅಪ್ಪನ ಕ್ಯಾಸೆಟ್ ಡಬ್ಬಿ! ಯಾವ ಹಾಡು ಬಂದರೂ ಅದರ ಮುಂದಿನ ಸಾಲು ನನಗೆ ಗೊತ್ತಿತ್ತು, ನಾನಾಗಿ ಯಾವತ್ತೂ ಕಲಿತದ್ದಲ್ಲ. ಇಂಗ್ಲಿಷ್ ಕವಿ ಕೋಲ್‌ರಿಜ್‌ನ ಪದ್ಯ ಆಧರಿಸಿದ 13 ನಿಮಿಷದ 'ರೈಮ್ ಆಫ್ ದಿ ಏನ್ಶಿಯಂಟ್ ಮ್ಯಾರಿನರ್' ನಡುವೆ ಎಲ್ಲ ತಣ್ಣಗಾಗಿ ಬಾಸ್ ಮಾತ್ರ ಉಳಿಯುವ ಜಾಗ ಇದೆ. ಮಂಡಿ ನೋವು ಅಂತ ಅಪ್ಪ ಆಗಷ್ಟೇ ಕೂತಿದ್ದರು. "ಕೂತೇ ನೋಡಪ್ಪ" ಅಂದೆ. "ಸುಮ್ನಿರು" ಅಂದವರು ಹಾಡು ಮತ್ತೆ ಏರುವ ಹೊತ್ತಿಗೆ ಎರಡು ಹೆಜ್ಜೆ ಮುಂಚೆಯೇ ಎದ್ದು ನಿಂತಿದ್ದರು. ಎಲ್ಲಿ ಏಳಬೇಕು ಅಂತ ಅವರಿಗೆ ನಲವತ್ತು ವರ್ಷದಿಂದ ಬಾಯಿಪಾಠ.

ಡ್ರಮ್ಸ್‌ನಲ್ಲಿ ನಿಕೋ ಮೆಕ್‌ಬ್ರೇನ್ ಇರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಟೂರ್‌ಗಳಿಗೆ ವಿದಾಯ ಹೇಳಿದರು. ಅವರ ಜಾಗದಲ್ಲಿ ಸೈಮನ್ ಡಾಸನ್. ಅಪ್ಪನಿಗೆ ಅದೊಂದು ಕೊರಗು. ನನಗೆ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ, ಆದರೆ ಹಾಗೆ ಹೇಳಿದ್ದಕ್ಕೆ ಬೈಸಿಕೊಂಡೆ. ಮುಂದೂಡುತ್ತಿರುವವರು ಇದನ್ನು ಗಮನಿಸಿ, ಉಳಿದವರಿಗೂ ಎಪ್ಪತ್ತರ ಆಸುಪಾಸು.

ಮುಗಿದ ಮೇಲಿನ ರಶ್ಶಿಗೇ ಹತ್ತಿರದ ಹೋಟೆಲ್ ಬೇಕು ಅಂದದ್ದು. ಎಲ್ಲರೂ ಒಟ್ಟಿಗೆ ಸ್ಟ್ರಾಟ್‌ಫರ್ಡ್ ಸ್ಟೇಷನ್ ಕಡೆ ನಡೆಯುತ್ತಾರೆ, ಜನರನ್ನು ತಡೆದು ತಡೆದು ಬಿಡುತ್ತಾರೆ. ರೈಲೇ ಬೇಕಿದ್ದರೆ ಪಡ್ಡಿಂಗ್ ಮಿಲ್ ಲೇನ್ ಅಥವಾ ಹ್ಯಾಕ್ನಿ ವಿಕ್ ಕಡೆಯೂ ನೋಡಿ. ಟೀ ಶರ್ಟ್ ಕೊಳ್ಳುವವರು ಕಾನ್ಸರ್ಟ್‌ಗೆ ಮುಂಚೆಯೇ ಕೊಂಡುಬಿಡಿ, ಕೊನೆಗೆ ದೊಡ್ಡ ಸೈಜುಗಳಷ್ಟೇ ಉಳಿದಿರುತ್ತವೆ. ನಮ್ಮ ಮನೆಗೆ ಮೂರು ಬಂದವು. ಮೂರನೆಯದು ಅಮ್ಮನಿಗೆ. ಅವರು ಅದನ್ನು ಹಾಕಿಕೊಂಡು ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ, ಹಾಡು ಮಾತ್ರ ಒಂದೂ ಕೇಳಲ್ಲ.