ತಾಲೀಮಿನ ಆರನೇ ವಾರ: ಕತ್ತಲೂ ಬೇಡ

ಮೂರು ವಾರ ಕೂತು ಕಟ್ಟಿದ ದೃಶ್ಯವನ್ನು ಈ ವಾರ ಕಿತ್ತು ಹಾಕಿದೆ. ಹೊಟ್ಟೆ ಉರಿಯಿತು, ಆದರೂ ಕಿತ್ತೆ.

ಹೊಸಬರಿಗೆ ಹೇಳಿಬಿಡುತ್ತೇನೆ. ಏಳು ವರ್ಷದ ಹಿಂದೆ ಬೆಂಗಳೂರಿನ ಒಂದು ಪಾರ್ಟಿಯಲ್ಲಿ ಯಾರೋ ನನ್ನ ಲೋಟಕ್ಕೆ ಏನೋ ಬೆರೆಸಿದರು. ನಾನು ಕುಡಿಯುತ್ತಿದ್ದದ್ದು ನಿಂಬೆ ಸೋಡಾ. ಅಲ್ಲಿಂದ ಬದುಕಿ ಬಂದದ್ದೇ ಈ ಏಕವ್ಯಕ್ತಿ ಪ್ರಯೋಗ.

ಆ ರಾತ್ರಿ ಒಂಬತ್ತೂವರೆಯಿಂದ ಒಂದೂವರೆವರೆಗಿನ ಯಾವ ನೆನಪೂ ನನ್ನ ಹತ್ತಿರ ಇಲ್ಲ. ಕಿತ್ತು ಹಾಕಿದ ದೃಶ್ಯದಲ್ಲಿ ಆ ನಾಲ್ಕು ಗಂಟೆಗೆ ನೇರಳೆ ಬೆಳಕು, ತಮಟೆ, ನಿಧಾನಕ್ಕೆ ತಿರುಗುವ ನಾನು. ನೋಡೋಕೆ ಚೆನ್ನಾಗಿತ್ತು. ಆದರೆ ಶುದ್ಧ ಸುಳ್ಳು. ನಿದ್ದೆಗೆ, ಆತಂಕಕ್ಕೆ ಕೊಡುವ ಬೆಂಜೋಡಯಾಜೆಪೈನ್ ಥರದ ಔಷಧಿ ನೆನಪನ್ನು ಅಳಿಸುವುದಲ್ಲ, ದಾಖಲಾಗೋಕೇ ಬಿಡುವುದಿಲ್ಲ. ಆಗ ಮನುಷ್ಯ ನಡೆಯಬಹುದು, ಮಾತಾಡಬಹುದು, ನಗಲೂಬಹುದು. ಕೆಂಪು ಗುಂಡಿ ಒತ್ತದ ಟೇಪ್ ರೆಕಾರ್ಡರ್ ಮುಂದೆ ಹಾಡಿದ ಹಾಗೆ. ಮಂಜು ಮಂಜಾದ ಕನಸನ್ನು ನಾನು ಎಲ್ಲಿಂದ ತರಲಿ?

ಆಮೇಲೆ ಪೂರ್ತಿ ಕತ್ತಲು ಮಾಡಿ ನೋಡಿದೆ. ಮೂರು ಸೆಕೆಂಡ್ ಇಟ್ಟರೆ ಸೀನ್ ಬದಲಾಯ್ತು ಅಂದುಕೊಳ್ಳುತ್ತಾರೆ. ಹತ್ತು ಇಟ್ಟರೆ ಕೆಮ್ಮುತ್ತಾರೆ. ಆಗ ಹೊಳೆಯಿತು, ಆ ರಾತ್ರಿ ನಾನು ಕತ್ತಲನ್ನೂ ಕಂಡಿರಲಿಲ್ಲ! ಈಗ ಹೀಗಿದೆ: "ಉಪ್ಪು ಸ್ವಲ್ಪ ಜಾಸ್ತಿ ಆಯ್ತು ಅಂತ ಹೇಳೋಣ ಅಂತ" ಅನ್ನುವಾಗ, ಮಾತು ಮುಗಿಯುವ ಮೊದಲೇ, ಪಾರ್ಟಿಯ ಹಳದಿ ಬೆಳಕು ಹೋಗಿ ಟ್ಯೂಬ್‌ಲೈಟಿನ ಬಿಳುಪು. ಅದೇ ಕುರ್ಚಿ. ಒಂದು ಕಾಲಲ್ಲಿ ಚಪ್ಪಲಿ ಇಲ್ಲ. ಆ ಚಪ್ಪಲಿಯನ್ನು ನಾನು ಎರಡು ನಿಮಿಷ ಮೊದಲೇ, ಹರಟುತ್ತಾ, ಎಲ್ಲರ ಕಣ್ಣೆದುರೇ ಮೇಜಿನ ಕೆಳಗೆ ತಳ್ಳಿರುತ್ತೇನೆ. ಭಾನುವಾರ ನೋಡಿದ ಆರು ಜನರಲ್ಲಿ ಐವರು ಗಮನಿಸಲಿಲ್ಲ. ಗೆಳತಿಯ ಅಮ್ಮ ಮಾತ್ರ ಕೇಳಿದರು, "ಚಪ್ಪಲಿ ಯಾಕಮ್ಮ ಬಿಟ್ಟೆ?"

ಬೆಳಕಿನ ಗೆಳೆಯನಿಗೆ ನೀಲಿ ಬೇಕಂತೆ. ರೋಹಿಪ್ನಾಲ್ ಅಂತ, ಹೀಗೆ ಕದ್ದು ಬೆರೆಸುವುದಕ್ಕೇ ಹೆಸರು ಕೆಟ್ಟ ನಿದ್ದೆ ಮಾತ್ರೆ, ಅದರ ಕಂಪನಿ 1990ರ ದಶಕದ ಕೊನೆಯಲ್ಲಿ ಅದಕ್ಕೆ ಬಣ್ಣ ಸೇರಿಸಿತು, ತಿಳಿಯಾದ ಪಾನೀಯಕ್ಕೆ ಬಿದ್ದರೆ ನೀಲಿ ಕಾಣಲಿ ಅಂತ. ಕೋಲಾದಲ್ಲಿ ಅದು ಎಲ್ಲಿ ಕಾಣಬೇಕು, ಮಬ್ಬು ಬೆಳಕಿನ ಬಾರಿನಲ್ಲಿ ಎಲ್ಲಿ ಕಾಣಬೇಕು? ಮತ್ತೆ ಮಾತ್ರೆಯೇ ಆಗಬೇಕು ಅಂತಲೂ ಇಲ್ಲ. ಹೇಳದೆ ಕೇಳದೆ ಜ್ಯೂಸಿಗೆ ವೋಡ್ಕಾ ಸುರಿದರೂ ಅದೇ ಕೆಲಸ ಅಲ್ವಾ. ನೀಲಿ ಬೇಡ ಅಂದೆ. ಅವನು ಇನ್ನೂ ಮುನಿಸಿಕೊಂಡಿದ್ದಾನೆ.

ಆಸ್ಪತ್ರೆಯ ದೃಶ್ಯ ಇನ್ನೂ ಕುಂಟುತ್ತಿದೆ. ಮರುದಿನ ಸಂಜೆ ಹೋದಾಗ ಅಲ್ಲಿ ಕೇಳಿದ ಮೊದಲ ಪ್ರಶ್ನೆ, "ಎಷ್ಟು ಕುಡಿದಿದ್ರಿ?" ಹೀಗೇ ಬೆರೆಸುವ ಇನ್ನೊಂದು ಮಾದಕ, ಜಿಎಚ್‌ಬಿ ಅನ್ನುವುದು, ಸುಮಾರು 12 ಗಂಟೆಯಲ್ಲಿ ಮೂತ್ರದಿಂದಲೂ ಮಾಯ, ಸಂಜೆಯ ಪರೀಕ್ಷೆಗೆ ಸಿಗುವುದಿಲ್ಲ. ಇದನ್ನೆಲ್ಲ ರಂಗದ ಮೇಲೆ ವಿವರಿಸಿದರೆ ನಾನು ವಿಜ್ಞಾನದ ಮೇಡಂ ಥರ ಕೇಳಿಸುತ್ತೇನೆ. ಆ ಮಾತೆಲ್ಲ ತೆಗೆದೆ. ಈಗ ಕೈಯಲ್ಲಿ ಮೂತ್ರ ಪರೀಕ್ಷೆಯ ಖಾಲಿ ಬಾಟಲಿ, ಗೋಡೆ ಮೇಲೆ ಓಡುವ ಗಡಿಯಾರ, ಅಷ್ಟೇ. ಸಾಕಾಗುತ್ತೋ ಇಲ್ಲವೋ ಇನ್ನೊಂದು ರನ್‌ನಲ್ಲಿ ನೋಡಬೇಕು.

ವಕೀಲೆ ಗೆಳತಿ ಠಾಣೆಯ ದೃಶ್ಯ ಓದಿದಳು. ಕೇಡು ಮಾಡಲು ಅಮಲು ಪದಾರ್ಥ ಕೊಡುವ ಅಪರಾಧಕ್ಕೆ ಆಗ ಹಳೆಯ ದಂಡ ಸಂಹಿತೆ ಐಪಿಸಿಯ ಕಲಂ 328, ಈಗ 2024ರ ಜುಲೈ 1ರಿಂದ ಹೊಸ ಸಂಹಿತೆ ಬಿಎನ್‌ಎಸ್‌ನ ಕಲಂ 123. ಹತ್ತು ವರ್ಷದವರೆಗೆ ಸಜೆ ಎರಡರಲ್ಲೂ ಇದೆ. ಕಥೆ ಆಗಿನದು, ಹಾಗಾಗಿ 328 ಅನ್ನೇ ಉಳಿಸಿದೆ.

52 ನಿಮಿಷದ ನಾಟಕ 44ಕ್ಕೆ ಇಳಿದಿದೆ. ದಿನಾ ಒದ್ದು ಒದ್ದು ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿದೆ, ಶನಿವಾರದೊಳಗೆ ಹೊಲಿಸಬೇಕು.